ಸುಳ್ಳು ಹೇಳಲು ಟಿವಿಗೆ ಬಂದವಳು

“ಮೂರನೆಯವಳೇ ಕಳ್ಳಿ! ಮುಖ ನೋಡಿದ್ರೆ ಗೊತ್ತಾಗಲ್ವಾ?” ಎಂದು ಟಿವಿಯತ್ತ ಕೈ ತೋರಿಸಿ ಕೂಗಿದೆ. ಪಕ್ಕದ ಮನೆಯ ಮುದುಕಿ ರೂತ್ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅಮೆರಿಕದ ಅಲೆನ್ ಎಂಬ ಊರಿನಲ್ಲಿರುವ ಮಗಳ ಮನೆಗೆ ಬಂದಾಗೆಲ್ಲ ನಾನು ಮಧ್ಯಾಹ್ನ ಮೊಮ್ಮಗಳೊಂದಿಗೆ ರೂತ್ ಮನೆಗೆ ಹೋಗಿ ಟಿವಿಯಲ್ಲಿ ಹಳೆಯ ಕಪ್ಪು ಬಿಳುಪು ಆಟವೊಂದನ್ನು ನೋಡುತ್ತೇನೆ. ಮೂವರು ಬಂದು ತಮ್ಮದೆಂದು ಒಂದೇ ಹೆಸರು ಹೇಳುತ್ತಾರೆ, ಅವರಲ್ಲಿ ಇಬ್ಬರದು ಸುಳ್ಳು. ಸಾಲಾಗಿ ಕೂತ ಸಿನಿಮಾ ನಟ ನಟಿಯರು ಪ್ರಶ್ನೆ ಕೇಳಿ ನಿಜವಾದವರನ್ನು ಪತ್ತೆ ಮಾಡಬೇಕು. ನನಗೆ ಇಂಗ್ಲಿಷ್ ಬಾರದು, ಮುಖ ನೋಡಿಯೇ ಹೇಳುತ್ತೇನೆ.

ರೂತ್ ಏನೋ ಅಂದಳು. ಮೊಮ್ಮಗಳು ನನ್ನ ಸೆರಗು ಜಗ್ಗಿದಳು. “ಅಜ್ಜಿ, ಸುಮ್ನಿರು! ಆ ಮೂರನೆಯವ್ರು ಇವರಮ್ಮ. ಇವರು ಚಿಕ್ಕೋರಿದ್ದಾಗ್ಲೇ ಹೋಗ್ಬಿಟ್ರಂತೆ. ಈ ಶೋನಲ್ಲಿ ಒಂದ್ಸಲ ಬಂದಿದ್ರಂತೆ, ಅದಕ್ಕೇ ಡೈಲಿ ಕಾಯ್ತಾರಂತೆ. ವಾಯ್ಸ್ ಕೇಳ್ಬೇಕಂತೆ.”

ಸತ್ತವಳನ್ನು ಕಳ್ಳಿ ಅಂದಿದ್ದೆ, ಅದೂ ಮಗಳ ಮುಂದೆ. ಆ ಹೆಂಗಸು ಕಣ್ಣು ಮಿಟುಕಿಸದೆ ಸುಳ್ಳು ಹೇಳುತ್ತಲೇ ಇದ್ದಳು, ರೂತ್ ಟಿವಿಗೆ ಕಿವಿ ಹಚ್ಚಿ ಕೇಳುತ್ತಲೇ ಇದ್ದಳು. ಕೊನೆಗೆ ಎದ್ದು ನಿಂತ ನಿಜವಾದವಳು ಬೇರೆಯವಳು. ನಟರೆಲ್ಲ ಮೋಸ ಹೋಗಿದ್ದರು. ಟಿವಿಯಲ್ಲಿ ರೂತ್‌ಳ ಅಮ್ಮ ಬಾಯ್ತುಂಬ ನಕ್ಕಳು. ಇಲ್ಲಿ ರೂತ್ ಕೂಡ ಥೇಟ್ ಹಾಗೆಯೇ ನಕ್ಕಳು. ಅಷ್ಟರಲ್ಲಿ ಜಾಹೀರಾತು ಬಂತು.

ನನ್ನ ಅವ್ವನೂ ಬೇಗ ಹೋದವಳು. ಅವಳ ದನಿ ಹೇಗಿತ್ತೋ ನೆನಪಿಲ್ಲ. ನೆನಪಿಲ್ಲ ಎಂಬುದೇ ಆವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.