ಬಿಳಿ ಕೋಟಿನ ಬೆನ್ನು

ನನ್ನ ಸೋದರಮಾವನಿಗೆ ಮನೆಮಂದಿಯೆಲ್ಲ ಸೇರಿ ಇಟ್ಟ ಹೆಸರು ಇನ್ಸ್‌ಪೆಕ್ಟರ್. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರೇನಲ್ಲ ಅವರು, ಹಳೆಯ ಡಿಜಿಟಲ್ ಕ್ಯಾಮೆರಾ ರಿಪೇರಿ ಮಾಡುತ್ತಾರೆ, ಅಷ್ಟೇ. ಆದರೆ ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎನ್ನುತ್ತಾರೆ. ನಗದಿದ್ದರೆ ಸಿಕ್ಕಿಬೀಳುವ ಭಯ ಎನ್ನುತ್ತಾರೆ. ಅತ್ತೆ ಇವರೊಂದಿಗೆ ಮೂವತ್ತು ವರ್ಷ ಹೇಗೆ ಏಗಿದರೋ ನನಗಂತೂ ಗೊತ್ತಿಲ್ಲ.

ಅವರ ಅಂಗಡಿ ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿದೆ. ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕು, ಅಷ್ಟು ಜಾಗ. ಮೊಬೈಲು ಬಂದ ಮೇಲೆ ಜನ ಜೇಬಿನಲ್ಲಿ ಹಿಡಿಸುವ ಪುಟ್ಟ ಕ್ಯಾಮೆರಾಗಳನ್ನೆಲ್ಲ ಮೂಲೆಗೆ ಎಸೆದರು, ಮಾವ ಎತ್ತಿಕೊಂಡರು. ಎತ್ತಿಕೊಂಡು ಸುಮ್ಮನೆ ಕೂರಲಿಲ್ಲ. ಶ್ಯಾಂಪೂ ಬಾಟಲಿಯ ಮುಚ್ಚಳ ಕತ್ತರಿಸಿ ಲೆನ್ಸಿಗೆ ಬಿಸಿಲು ಬೀಳದಂತೆ ಕೊಡೆ ಮಾಡಿದರು. ಮಾತ್ರೆಯ ಬಿಳಿ ಡಬ್ಬಿಯನ್ನು ಸೀಳಿ ಫ್ಲ್ಯಾಶಿನ ಮುಂದೆ ಕೂರಿಸಿ ಅದರ ಬೆಳಕು ಕಣ್ಣಿಗೆ ಹೊಡೆಯದಂತೆ ಮಾಡಿದರು. ಬ್ಯಾಟರಿಯೇ ಸಿಗದ ಕ್ಯಾಮೆರಾಕ್ಕೆ ಮರದ ತುಂಡನ್ನು ಬ್ಯಾಟರಿಯ ಅಳತೆಗೆ ಕೆತ್ತಿ, ಅದಕ್ಕೆ ತಂತಿ ಹಚ್ಚಿ, ಹೊರಗಿನ ಸೆಲ್ಲುಗಳಿಂದ ಜೀವ ಕೊಟ್ಟರು. ಒಡೆದ ದುರ್ಬೀನಿನ ಗಾಜುಗಳಿಗೆ ಅಯಸ್ಕಾಂತದ ಉಂಗುರ ಅಂಟಿಸಿ, ಟಕ್ಕನೆ ಲೆನ್ಸಿನ ಮೂತಿಗೆ ಕಚ್ಚಿಕೊಳ್ಳುವ ಭೂತಗನ್ನಡಿಗಳನ್ನು ತಯಾರಿಸಿದರು. ಇರುವೆಯ ಮೀಸೆ ಎಣಿಸಬಹುದಾದ ಫೋಟೊ ಬರುತ್ತಿತ್ತು. ಮನುಷ್ಯ ಅನುಮಾನದ ಪ್ರಾಣಿ, ಕೈ ಮಾತ್ರ ಬಂಗಾರ.

ಆ ಕೈಯಿಂದಲೇ ಅವರು ತಾವು ಮುಚ್ಚಿದ ಪ್ರತಿ ಕ್ಯಾಮೆರಾದ ಸ್ಕ್ರೂ ತಲೆಗೂ ಅತ್ತೆಯ ಉಗುರುಬಣ್ಣದ ಚುಕ್ಕೆ ಇಡುತ್ತಿದ್ದರು, ಬೇರೆ ಯಾರಾದರೂ ಬಿಚ್ಚಿದರೆ ಗೊತ್ತಾಗಲಿ ಎಂದು. ಡಬ್ಬಿಗಳ ಮೇಲೆ ಬೇಕೆಂದೇ ಸುಳ್ಳು ಚೀಟಿ ಅಂಟಿಸುತ್ತಿದ್ದರು. 'ಒಳ್ಳೆ ಲೆನ್ಸ್' ಎಂದು ಬರೆದ ಡಬ್ಬಿಯಲ್ಲಿ ತುಕ್ಕು ಹಿಡಿದ ಮೊಳೆ, 'ಬೇಡದ್ದು' ಎಂದು ಬರೆದದ್ದರಲ್ಲಿ ಆಯ್ದ ಭೂತಗನ್ನಡಿಗಳು. ಕಳ್ಳ ಬಂದರೆ ಮೋಸ ಹೋಗಲಿ ಎಂದು. ಯಾವ ಕಳ್ಳನೂ ಬರಲಿಲ್ಲ.

ಇಂಥ ಮಾವನಿಗೂ ಒಬ್ಬರು ಗೆಳೆಯರಿದ್ದರು. ಪಕ್ಕದ ಕೋಣೆಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿದೆ. ಅಲ್ಲಿ ಬಿಳಿ ಕೋಟು ಹಾಕಿಕೊಂಡು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂರುವವರನ್ನು ನಾನು ಲ್ಯಾಬಣ್ಣ ಎಂದೇ ಕರೆಯುತ್ತಿದ್ದುದು. ಪೈಪಿನ ತುಂಡೊಂದನ್ನು ಕೊರೆದು ಆ ಸೂಕ್ಷ್ಮದರ್ಶಕಕ್ಕೆ ಹಳೆಯ ಕ್ಯಾಮೆರಾ ಕೂರಿಸಿಕೊಟ್ಟವರು ಮಾವ. ಹದಿನೈದು ವರ್ಷ ಇಬ್ಬರೂ ಬೆಳಿಗ್ಗೆ ಸಂಜೆ ಒಟ್ಟಿಗೆ ಟೀ ಕುಡಿದರು. ಅಂಗಡಿಯ ಒಂದು ಕೀಲಿಕೈಯನ್ನು ಮಾವ ಅವರ ಹತ್ತಿರ ಇಟ್ಟಿದ್ದರು. ಅದೊಂದನ್ನು ನೋಡಿ ನಾನು, ಪರವಾಗಿಲ್ಲ, ಈ ಮನುಷ್ಯ ಭೂಮಿಯ ಮೇಲೆ ಒಬ್ಬರನ್ನಾದರೂ ನಂಬುತ್ತಾರೆ ಎಂದುಕೊಂಡಿದ್ದೆ.

ನಂಬಿರಲಿಲ್ಲ. ಅಂಗಡಿಯ ಕಪಾಟಿನ ಕೆಳಗಿನ ಹಲಗೆಯ ಮೇಲೆ ಒಂದು ಟೀಪುಡಿ ಡಬ್ಬಿಯಿತ್ತು. ಅದರೊಳಗೆ ನಿಮಿಷಕ್ಕೊಮ್ಮೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಇದ್ದದ್ದು ಅತ್ತೆಗೂ ಗೊತ್ತಿರಲಿಲ್ಲ. ಡಬ್ಬಿಗೆ ತೂತು ಕೊರೆದರೆ ಲೆನ್ಸು ಹೊರಗೆ ಕಾಣುತ್ತದಲ್ಲ, ಅದಕ್ಕೂ ಒಂದು ಉಪಾಯ ಮಾಡಿದ್ದರು. ನಮ್ಮ ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕಿದೆ. ಅದು ಒಳಗೆ ಬರದಂತೆ ಪ್ರತಿ ಡಿಜಿಟಲ್ ಕ್ಯಾಮೆರಾದ ಹೊಟ್ಟೆಯಲ್ಲೂ ಒಂದು ನೀಲಿ ಗಾಜಿನ ಚೂರು ಇಟ್ಟಿರುತ್ತಾರೆ. ಮಾವ ಆ ಚೂರನ್ನು ಕಿತ್ತು ಹಾಕಿ, ತೂತಿಗೆ ಹಳೆಯ ಫಿಲ್ಮ್ ರೀಲಿನ ಕಪ್ಪು ತುದಿಯನ್ನು ಅಂಟಿಸಿದ್ದರು. ನೋಡುವವರಿಗೆ ಅದು ಡಬ್ಬಿಯ ಮೇಲಿನ ಕಪ್ಪು ಚಿತ್ತಾರ. ಆ ಕಪ್ಪಿನೊಳಗಿಂದ ಕ್ಯಾಮೆರಾ ಮಾತ್ರ ಹಗಲಿನಂತೆ ನೋಡುತ್ತಿತ್ತು. ಇಂಥ ಕ್ಯಾಮೆರಾದಲ್ಲಿ ಲೋಕವೇ ತಿರುಗುಮುರುಗು: ಮರದ ಎಲೆ ಬೆಳ್ಳಗೆ, ಆಕಾಶ ಕಪ್ಪಗೆ. ಹವ್ಯಾಸಿಗಳು ಹುಡುಕಿಕೊಂಡು ಬಂದು ಇಂಥದ್ದನ್ನು ಮಾಡಿಸಿಕೊಂಡು ಹೋಗುತ್ತಿದ್ದರು.

ಇನ್ನು ಆ ಅಂಗಡಿಯಲ್ಲಿ ಒಮ್ಮೆ ಕಳುವಾದ ವಿಷಯ. ಕದ್ದವಳು ನಾನು. ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕಿದೆ.

ನಾನು ವಕೀಲರೊಬ್ಬರ ಕೈಕೆಳಗೆ ಕೆಲಸ ಮಾಡುತ್ತೇನೆ. ಬೇರೆ ಊರಿನ ಕೇಸೊಂದಕ್ಕೆ ಹಳೆಯ ಪತ್ರದ ಮೊಹರನ್ನು ತೀರಾ ಹತ್ತಿರದಿಂದ ಫೋಟೊ ತೆಗೆಯಬೇಕಾಗಿತ್ತು. ಮಾವ ಕೊಟ್ಟ ಕ್ಯಾಮೆರಾ ನನ್ನಲ್ಲಿತ್ತು, ಭೂತಗನ್ನಡಿ ಇರಲಿಲ್ಲ. ಕೇಳಿದರೆ ಯಾಕೆ, ಯಾರಿಗೆ, ಎಷ್ಟು ದಿನ, ಮುಟ್ಟುವವರು ಯಾರು ಎಂದು ಪಾಟೀಸವಾಲು ಶುರುವಾಗುತ್ತದೆ. ಕೋರ್ಟಿನಲ್ಲಿ ಅದನ್ನು ಕೇಳಿಯೇ ನನ್ನ ತಲೆ ಚಿಟ್ಟುಹಿಡಿದಿರುತ್ತದೆ. ಮಾವ ಹಲ್ಲು ಕೀಳಿಸಿಕೊಳ್ಳಲು ಹೋದ ಹೊತ್ತು ನೋಡಿ, ಅತ್ತೆಯ ಹತ್ತಿರ ಕೀಲಿಕೈ ಇಸಕೊಂಡು, ಕೋರ್ಟಿನಿಂದ ಬಂದ ಕಪ್ಪು ಕೋಟಿನಲ್ಲೇ ಹೋಗಿ 'ಬೇಡದ್ದು' ಡಬ್ಬಿ ಎತ್ತಿಕೊಂಡು ಬಸ್ಸು ಹತ್ತಿದೆ. ಹನ್ನೆರಡು ದಿನ ಊರಲ್ಲಿರಲಿಲ್ಲ.

ವಾಪಸು ಬಂದು ಅದೇ ಕೋಟಿನಲ್ಲಿ ಅಂಗಡಿಗೆ ಹೋದರೆ ಮಾವ ಗೆದ್ದವರಂತೆ ಕೂತಿದ್ದರು.

"ಕಳ್ಳ ಸಿಕ್ಕಿಬಿದ್ದ ಕಣೇ ವಕೀಲಮ್ಮ. ಪಕ್ಕದಲ್ಲೇ ಇದ್ದ."

ಟೀಪುಡಿ ಡಬ್ಬಿಯಲ್ಲಿ ಬಚ್ಚಿಟ್ಟ ಕ್ಯಾಮೆರಾ ತೆಗೆದದ್ದು ಎಂದು ಕಂಪ್ಯೂಟರಿನಲ್ಲಿ ಒಂದು ಫೋಟೊ ತೋರಿಸಿದರು. ಭುಜದಿಂದ ಸೊಂಟದವರೆಗೆ ಒಂದು ಬೆನ್ನು. ತಲೆ ಚೌಕಟ್ಟಿನಿಂದ ಆಚೆ. ಮೈಮೇಲೆ ಬಿಳಿ ಕೋಟು. ಕೈಯಲ್ಲಿ ಡಬ್ಬಿ.

"ಲ್ಯಾಬಣ್ಣನ್ನ ಕೇಳಿದ್ರಾ?"

"ಕೇಳೋದೇನು? ಕೀಲಿ ಅವನತ್ರ ಇತ್ತು. ಕೋಟು ಅವನದ್ದೇ. ಲ್ಯಾಬಿನ ಡಾಕ್ಟ್ರಮ್ಮನಿಗೆ ತೋರಿಸ್ದೆ. ರಕ್ತ ಕೊಡೋರು ಬಳೆ, ವಾಚು ಬಿಚ್ಚಿಡೋ ಜಾಗದಲ್ಲಿ ಇಂಥವನು ಬೇಡ ಅಂತ ಕೆಲಸದಿಂದ ತೆಗೆದ್ರು."

ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. "ತಗೊಂಡಿದ್ದು ನಾನು ಮಾವ."

ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕಣ್ಣು ಕಿರಿದು ಮಾಡಿದರು. "ಅವನು ಕೊಟ್ಟು ಕಳಿಸಿದ್ನಾ?"

ನನಗೆ ಮೈಯೆಲ್ಲ ಉರಿದುಹೋಯಿತು. "ಫೋಟೊದಲ್ಲಿರೋದು ನಾನು! ಇದೇ ಕೋಟು!"

"ನಿನ್ನ ಕೋಟು ಕಪ್ಪು. ನನ್ನ ಕಣ್ಣು ಇನ್ನೂ ಚೆನ್ನಾಗಿದೆ."

"ಆ ಟೀಪುಡಿ ಡಬ್ಬಿಯಲ್ಲಿ ಇಟ್ಟಿರೋ ಕ್ಯಾಮೆರಾ ಯಾವ್ದು ಮಾವ?"

ಮಾವ ತಿರುಗಿ ಟೀಪುಡಿ ಡಬ್ಬಿಯ ಕಪ್ಪು ಚಿತ್ತಾರ ನೋಡಿದರು. ಆಮೇಲೆ ಎದ್ದು ಕಿಟಕಿಯ ಬಾಗಿಲು ಪೂರ್ತಿ ತೆರೆದರು. ಮಧ್ಯಾಹ್ನದ ಬಿಸಿಲು ಒಳಗೆ ಬಿತ್ತು. ನಾನು ಕಪಾಟಿನ ಕಡೆ ಬೆನ್ನು ಮಾಡಿ ಒಂದು ನಿಮಿಷ ನಿಂತೆ. ಫೋಟೊ ಕಂಪ್ಯೂಟರಿಗೆ ಬಂತು. ನನ್ನ ಕಪ್ಪು ಕೋಟು ಆಗತಾನೇ ಒಗೆದು ಒಣಗಿಸಿದಷ್ಟು ಬೆಳ್ಳಗಿತ್ತು. ಎಷ್ಟೋ ಕಪ್ಪು ಬಟ್ಟೆಗಳ ಬಣ್ಣ ಆ ಕ್ಯಾಮೆರಾದ ಮುಂದೆ ನಿಲ್ಲುವುದಿಲ್ಲ ಎಂದು ಬಂದ ಗಿರಾಕಿಗಳಿಗೆಲ್ಲ ಪಾಠ ಹೇಳುತ್ತಿದ್ದವರೇ ಮಾವ. ಗಾಜು ಕಿತ್ತದ್ದೂ ಅವರದೇ ಕೈ. ಆದರೆ ಬಿಳಿ ಕೋಟು ಕಂಡ ಗಳಿಗೆಯಲ್ಲಿ ಕಸುಬು ಮರೆತೇಹೋಗಿತ್ತು. ಅವರು ಬಹಳ ಹೊತ್ತು ಎರಡೂ ಫೋಟೊಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತರು. ಸಂಜೆ ಅತ್ತೆಗೆ ವಿಷಯ ಗೊತ್ತಾದಾಗ ಅವರು ಹಣೆ ಚಚ್ಚಿಕೊಂಡರು. "ಕೀಲಿ ಕೊಟ್ಟವಳು ನಾನು. ನನ್ನನ್ನಾದ್ರೂ ಒಂದು ಮಾತು ಕೇಳಬಾರದಿತ್ತಾ?"

ಮರುದಿನ ಡಾಕ್ಟರಮ್ಮನಿಗೆ ಎರಡೂ ಫೋಟೊ ತೋರಿಸಿದೆವು. ಅವರು ಪೆಚ್ಚಾದರು, ತಾವೇ ಫೋನ್ ಮಾಡಿ ಲ್ಯಾಬಣ್ಣನನ್ನು ವಾಪಸು ಕರೆದರು. ಮಾತು ಮುಗಿಯುವ ಮೊದಲೇ ಲ್ಯಾಬಣ್ಣ ಫೋನಿಟ್ಟರಂತೆ. ಹಾಗಾಗಿ ನಾವಿಬ್ಬರೂ ಅವರ ಮನೆಗೇ ಹೋದೆವು.

ಲ್ಯಾಬಣ್ಣ ಬಾಗಿಲು ತೆಗೆದು, ಕೂರಿಸಿ, ನೀರು ಕೊಟ್ಟರು. ಮೊದಲು ನಾನು ಕ್ಷಮೆ ಕೇಳಿದೆ. "ನಿಮ್ಮದೇನಿದೆ ಬಿಡಮ್ಮ" ಎಂದರು. ಅದು ನಿಜವಲ್ಲ ಎಂದು ನನಗೆ ಗೊತ್ತಿತ್ತು. ಆಮೇಲೆ ಮಾವ ಫೋಟೊಗಳನ್ನು ಟೀಪಾಯಿ ಮೇಲೆ ಹರಡಿ, ನೀಲಿ ಗಾಜು, ಕಾಣದ ಬೆಳಕು, ಬಟ್ಟೆಯ ಬಣ್ಣ ಎಂದು ಹತ್ತು ನಿಮಿಷ ವಿವರಿಸಿದರು. ಲ್ಯಾಬಣ್ಣ ಫೋಟೊಗಳನ್ನು ಮುಟ್ಟಲಿಲ್ಲ.

"ತಪ್ಪು ಕ್ಯಾಮೆರಾದ್ದು ಕಣಯ್ಯ" ಎಂದರು ಮಾವ.

"ಕ್ಯಾಮೆರಾ ಒಂದು ಬೆನ್ನು ತೋರಿಸ್ತು. ಅದಕ್ಕೆ ನನ್ನ ಹೆಸರಿಟ್ಟಿದ್ದು ನೀನು."

"ಆಯ್ತು, ನಾನೇ. ಕೆಲಸಕ್ಕೆ ಬಾ. ಡಾಕ್ಟ್ರಮ್ಮ ಕಾಯ್ತಿದ್ದಾರೆ."

"ಬರಲ್ಲ. ನಾಳೆ ಅಲ್ಲಿ ಒಂದು ಸೂಜಿ ಕಾಣದಿದ್ರೂ ಎಲ್ಲರೂ ನನ್ನ ಮುಖ ನೋಡ್ತಾರೆ. ನಾನೂ ನನ್ನ ಜೇಬು ಮುಟ್ಟಿ ನೋಡ್ಕೋತೀನಿ." ಮತ್ತೆ ಅವರೇ ಹೇಳಿದರು: "ಡಬ್ಬಿ ಹೋದ ಮೇಲೂ ಮೂರು ದಿನ ನಿನ್ನ ಪಕ್ಕದಲ್ಲೇ ಇದ್ದೆ. ನೀನು ಟೀ ಬೇಡ ಅಂದೆ, ಹಲ್ಲು ನೋವು ಅಂದೆ. ನೀನು ತಗೊಂಡ್ಯಾ ಅಂತ ಒಂದು ಮಾತು ಕೇಳಿದ್ರೆ, ಇಲ್ಲ ಅಂತಿದ್ದೆ."

ಮಾವ ಫೋಟೊಗಳನ್ನು ಒಂದೊಂದಾಗಿ ಎತ್ತಿಕೊಂಡರು. ಸುಳ್ಳು ಹೇಳುತ್ತಾರೆ ಎಂದುಕೊಂಡೆ. ಆ ಹೊತ್ತಿಗೆ ಸುಳ್ಳೇ ಒಳ್ಳೆಯದಿತ್ತು.

"ಇಲ್ಲ ಅಂದಿದ್ರೂ ನಾನು ನಂಬ್ತಿರಲಿಲ್ಲ" ಎಂದರು.

ಲ್ಯಾಬಣ್ಣ ತಲೆಯಾಡಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಗೊತ್ತು. ಅದಕ್ಕೇ ಕೆಲಸ ಹೋದ ದಿನ ನಾನೂ ನಿನ್ನ ಅಂಗಡಿಗೆ ಬಂದು ನಾನಲ್ಲ ಅಂತ ಹೇಳಲಿಲ್ಲ."