ನನಗೆ ಗೊತ್ತಿಲ್ಲದ ನನ್ನ ಮದುವೆ

ಕಾನೂನು ಓದಲು ಬಳ್ಳಾರಿಗೆ ಬಂದಾಗ ನಮ್ಮ ತರಗತಿಯಲ್ಲಿ ಎಲ್ಲರ ಕಣ್ಣೂ ಕೊಲೆ ಕೇಸುಗಳ ಮೇಲಿತ್ತು. ಕೋರ್ಟಿನಲ್ಲಿ ನಿಂತು ಸಾಕ್ಷಿಯನ್ನು ತಬ್ಬಿಬ್ಬು ಮಾಡುವ ಕನಸು. ತೆರಿಗೆ ಕಾನೂನಿನ ಪಾಠ ಶುರುವಾದರೆ ಹಿಂದಿನ ಬೆಂಚುಗಳು ಖಾಲಿಯಾಗುತ್ತಿದ್ದವು. ಕೊನೆಯವರೆಗೆ ಕೂತು ಕೇಳುತ್ತಿದ್ದವರಲ್ಲಿ ನಾನೊಬ್ಬಳು, ಕುರುಗೋಡಿನ ಹುಡುಗಿಯೊಬ್ಬಳು.

ನಾನು ಸಿರುಗುಪ್ಪದವಳು. ಅಪ್ಪನದು ಸಣ್ಣ ಬಟ್ಟೆ ಅಂಗಡಿ, ಅಪ್ಪನ ಗೆಳೆಯರೆಲ್ಲ ಅಕ್ಕಿ ಗಿರಣಿಯವರು. ಜಿಎಸ್‌ಟಿ ಬಂದ ಮೇಲೆ ಒಂದು ನೋಟಿಸ್ ಬಂದರೆ ಇಡೀ ಬೀದಿ ಬೆವರುವುದನ್ನು ಕಂಡಿದ್ದೆ. ನಮ್ಮೂರಿಗೆ ಈ ವಿದ್ಯೆ ಬೇಕು ಅನ್ನಿಸಿತ್ತು. ಕುರುಗೋಡಿನವಳಿಗೆ ಯಾಕೆ ಬೇಕಿತ್ತೋ ನಾನು ಕೇಳಿರಲಿಲ್ಲ. ಜೊತೆಗೆ ಒಬ್ಬಳು ಸಿಕ್ಕಳಲ್ಲ, ಅದೇ ಸಾಕಾಗಿತ್ತು.

ಗಾಂಧಿನಗರದ ಒಂದು ಮನೆಯ ಮಾಳಿಗೆಯ ಮೇಲೆ ಇಬ್ಬರೂ ಸೇರಿ ರೂಮು ಹಿಡಿದೆವು. ಓದಿದ್ದು ತಲೆಗೆ ಹತ್ತಲಿ ಎಂದು ಒಂದು ಆಟ ಮಾಡಿಕೊಂಡಿದ್ದೆವು. ನಾನು ವ್ಯಾಪಾರಿ, ಅವಳು ತೆರಿಗೆ ಅಧಿಕಾರಿ.

“ನಿಮ್ಮ ಅಕ್ಕಿಗೆ ತೆರಿಗಿ ಕಟ್ಟಿಲ್ಲಲ್ರಿ, ಯಾಕ?” ಎಂದು ಅವಳು ಗಡಸು ದನಿಯಲ್ಲಿ ಕೇಳುವಳು.

“ಬಿಡಿ ಅಕ್ಕಿ ಸಾಹೇಬ್ರ. ಸಣ್ಣ ಚೀಲದಾಗ ತುಂಬಿ ಲೇಬಲ್ ಹಚ್ಚಿದ್ರ ತೆರಿಗಿ. ಬಿಡಿ ಮಾರಿದ್ರ ಎಲ್ಲಿ ಐತಿ?”

“ಹಂಗಂತ ನಿಮಗ ಯಾರು ಹೇಳಿದ್ರು?” ಎಂದು ಹುಬ್ಬು ಗಂಟಿಕ್ಕುವಳು. ನಾನು ನಗು ತಡೆಯಲಾರದೆ ಸೋಲುತ್ತಿದ್ದೆ. ಅವಳ ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲುಗುತ್ತಿರಲಿಲ್ಲ.

ಕೊನೆಯ ವರ್ಷ ಸಂಜೆ ಹೊತ್ತು ಇಬ್ಬರೂ ಅಲ್ಲೇ ಗಾಂಧಿನಗರದ ಹಿರಿಯ ತೆರಿಗೆ ವಕೀಲರೊಬ್ಬರ ಆಫೀಸಿಗೆ ಕೆಲಸ ಕಲಿಯಲು ಹೋಗತೊಡಗಿದೆವು. ಜೀನ್ಸ್ ಹೊಲಿಸುವವರು, ಹತ್ತಿ ವ್ಯಾಪಾರಿಗಳು, ಗಿರಣಿಯವರು ಎಲ್ಲರೂ ಅವರ ಬಳಿಗೇ ಬರುತ್ತಿದ್ದರು. ಒಂದು ನೋಟಿಸಿಗೆ ನಾನು ಬರೆದ ಉತ್ತರವನ್ನು ಅವರು ಎರಡು ಸಲ ಓದಿ, ಒಂದಕ್ಷರವೂ ತಿದ್ದದೆ ಸಹಿ ಹಾಕಿದ್ದರು. ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

“ಪರೀಕ್ಷಿ ಮುಗೀಲಿ. ನಿಮ್ಮಿಬ್ಬರೊಳಗ ಒಬ್ಬರನ್ನ ಜೂನಿಯರ್ ಅಂತ ಇಟ್ಕೊಂತೀನಿ” ಅಂದಿದ್ದರು. ಯಾರಿಗೆ ಸಿಕ್ಕರೂ ಇನ್ನೊಬ್ಬಳು ಮುಖ ಸಣ್ಣ ಮಾಡಬಾರದು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ಸಿಕ್ಕಿದ್ದು ಅವಳಿಗೆ. ಊರಿಗೆ ಹೊರಟೆನೆಂದು ಹೇಳಿ ಬರಲು ಹೋದಾಗ ವಕೀಲರು ಎದ್ದು ನಿಂತು, “ಒಳ್ಳೇದಾಗ್ಲಮ್ಮ. ಎಲ್ಲಿದ್ರೂ ಸುಖವಾಗಿರ್ರಿ” ಎಂದು ನಕ್ಕರು. ಕೆಲಸ ಕೊಡದವರು ಹೀಗ್ಯಾಕೆ ಹರಸುತ್ತಾರೆ ಅನ್ನಿಸಿತು. ಕೇಳುವ ಧೈರ್ಯವಾಗಲಿಲ್ಲ. ನನ್ನ ಬರವಣಿಗೆಯಲ್ಲೇ ಏನೋ ಕೊರತೆಯಿರಬೇಕು ಅಂದುಕೊಂಡೆ. ಸಾಮಾನು ಕಟ್ಟಲು ಅವಳೇ ಕೈಜೋಡಿಸಿದಳು. ಬಸ್ ಸ್ಟ್ಯಾಂಡಿಗೆ ಬಂದು, ದಾರಿಗೆ ತಿನ್ನಲು ಒಗ್ಗರಣಿ ಮಂಡಕ್ಕಿ, ಮಿರ್ಚಿ ಕಟ್ಟಿಸಿ ಕೈಗಿಟ್ಟು, ಕಿಟಕಿಯ ಹೊರಗೆ ನಿಂತು ಬಿಕ್ಕಿಬಿಕ್ಕಿ ಅತ್ತಳು. ನಾನೇ ಅವಳನ್ನು ಸಮಾಧಾನ ಮಾಡಿದೆ.

ಊರಲ್ಲಿ ಅಪ್ಪನ ಅಂಗಡಿಯ ಮುಂಭಾಗದಲ್ಲೇ ಒಂದು ಟೇಬಲ್ ಹಾಕಿಕೊಂಡು ಕೂತೆ. ಹತ್ತಿರದ ಸಿರಿಗೇರಿಯಿಂದಲೂ ಗೊಬ್ಬರದ ಅಂಗಡಿಯವರು ತೆರಿಗೆ ರಿಟರ್ನ್ ಹಾಕಿಸಲು ಬರತೊಡಗಿದರು. ಆದರೆ ದೊಡ್ಡ ಕೇಸು ಬಂದಾಗಲೆಲ್ಲ ಬೇರೆ ವಕೀಲರ ಬಳಿ ಕಳಿಸಿಬಿಡುತ್ತಿದ್ದೆ. ‘ಅವರು ಬೇಡ ಅಂತ ಬಿಟ್ಟವಳು ನಾನು’ ಎಂಬ ಮಾತು ಒಳಗೆ ಕೂತುಬಿಟ್ಟಿತ್ತು.

ಎರಡು ವರ್ಷ ಕಳೆದಿರಬೇಕು. ಗಿರಣಿಯವರ ಸಭೆಯೊಂದರಲ್ಲಿ ಮಾತಾಡಲು ಆ ವಕೀಲರು ಸಿರುಗುಪ್ಪಕ್ಕೆ ಬಂದರು. ಚಹಾ ಕುಡಿಯುವಾಗ ನನ್ನನ್ನು ನೋಡಿ ಅವರ ಮುಖ ಅರಳಿತು.

“ಏನಮ್ಮಾ, ಗಂಡನ ಮನಿ ಇದೇ ಊರಾಗೇನು? ದೂರ ಕೊಟ್ಟಾರ ಅಂದಿದ್ರಲ್ಲ?”

“ಸರ್, ನನಗ ಮದುವಿನೇ ಆಗಿಲ್ಲ.”

ಅವರು ಲೋಟ ಕೆಳಗಿಟ್ಟರು. “ನಿಮ್ಮ ಗೆಳತಿನೇ ಹೇಳಿದ್ಲಲ್ಲಮ್ಮ, ಮದುವಿ ಗೊತ್ತಾಗೈತಿ, ನಿಮಗ ಹೇಳಾಕ ನಾಚಿಕಿ ಅಂತ. ನಾನು ನಿಮ್ಮನ್ನ ಇಟ್ಕೋಬೇಕಂತಿದ್ನಿ.”

“ಒಂದು ಮಾತು ನನ್ನ ಕೇಳಬಹುದಿತ್ತಲ್ಲ ಸರ್.”

“ಹೆಣ್ಣುಮಕ್ಕಳ ಮದುವಿ ಮಾತು, ಹೆಂಗ ಕೇಳೋದಮ್ಮ” ಅಂದರು. ಆಮೇಲೆ ಯಾರೋ ಕರೆದರು, ಹೋದರು. ವ್ಯಾಪಾರಿಯ ಮಾತು ಕೇಳದೆ ಅವನ ಮೇಲೆ ಆದೇಶ ಮಾಡಬಾರದು ಎಂದು ನನಗೆ ಕಲಿಸಿದವರು ಅವರೇ.

ಆ ಭಾನುವಾರ, ಅವಳು ರಜೆಗೆ ಮನೆಗೆ ಬಂದಿರುವಾಗ, ಕುರುಗೋಡಿಗೆ ಹೋದೆ. ಅವಳ ತಾಯಿ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದೊಯ್ದರು. ಅವರು ಚಹಾಕ್ಕೆ ಇಡಲು ಹೋದ ಮೇಲೆ ಅವಳನ್ನೇ ನೋಡುತ್ತ ಕೇಳಿದೆ: “ನನ್ನ ಮದುವಿ ಯಾವಾಗ ಗೊತ್ತಾತಲೇ?”

ಅವಳು ಗೊತ್ತಿಲ್ಲದವಳ ಹಾಗೆ ನಟಿಸಲಿಲ್ಲ. ತಲೆ ತಗ್ಗಿಸಿದಳು. “ಅಣ್ಣ ಗಂಡು ನೋಡಿ ಬಂದಿದ್ದ. ಕೆಲಸ ಸಿಗಲಿಲ್ಲಂದ್ರ ಆ ಬ್ಯಾಸಿಗಿಗೇ ನನ್ನ ಕೊಟ್ಟುಬಿಡ್ತಿದ್ರು.”

“ಅದಕ್ಕ ನೀ ನನ್ನ ಕೊಟ್ಟಿ.”

ಅಡುಗೆಮನೆಯಿಂದ ಲೋಟಗಳ ಸದ್ದು ಬರುತ್ತಿತ್ತು. ಅವಳು ದನಿ ತಗ್ಗಿಸಿದಳು. “ನಿನಗ ಹೇಳಿದ್ರ ಬಿಟ್ಟುಕೊಡ್ತಿದ್ಯೇನು?”

ಬಿಟ್ಟುಕೊಡುತ್ತಿದ್ದೆನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಹಕ್ಕನ್ನೂ ಅವಳು ನನ್ನಿಂದ ಕಿತ್ತುಕೊಂಡಿದ್ದಳು.

“ಬಸ್ ಸ್ಟ್ಯಾಂಡಿನಾಗ ಯಾಕ ಅತ್ತಿ?”

“ಖರೇನ ಅತ್ತಿದ್ನಲೇ.”

ನಂಬಿದೆ. ಅದೇ ನನಗೆ ಹೆಚ್ಚು ನೋವಾಗಿದ್ದು. ಸುಳ್ಳು ಅಳುವಾಗಿದ್ದರೆ ಅವಳನ್ನು ದ್ವೇಷಿಸಿ ಹಗುರಾಗಬಹುದಿತ್ತು. ಅವಳ ತಾಯಿ ತಂದ ಚಹಾ ಕುಡಿದೆ. “ಊಟ ಮಾಡ್ಕೊಂಡು ಹೋಗವ್ವ” ಅಂದರು. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಅಮ್ಮನಿಗೆ ಹೇಳಿದಾಗ ಅವಳು “ಪಾಪ, ಆ ಹುಡುಗಿ” ಅಂದಳು. ಅವತ್ತು ಅಮ್ಮನ ಮೇಲೂ ಸಿಟ್ಟು ಬಂತು.

ಆದರೆ ಒಂದಂತೂ ಆಯಿತು. ನನ್ನ ಬರವಣಿಗೆಯಲ್ಲಿ ಕೊರತೆಯಿರಲಿಲ್ಲವೆಂದು ತಿಳಿದ ಮೇಲೆ ದೊಡ್ಡ ಕೇಸು ಬೇರೆಯವರಿಗೆ ಕಳಿಸುವುದನ್ನು ಬಿಟ್ಟೆ. ಗಿರಣಿಯೊಂದರ ಮೇಲ್ಮನವಿಯನ್ನು ಒಬ್ಬಳೇ ಬರೆದೆ. ವಿಚಾರಣೆಗೆ ಬಳ್ಳಾರಿಗೆ ಹೋದಾಗ ಕಾಯುವ ಬೆಂಚಿನ ಮೇಲೆ ಅವಳು ಕೂತಿದ್ದಳು, ಕಪ್ಪು ಕೋಟು, ತೊಡೆಯ ಮೇಲೆ ಫೈಲು. ನನ್ನನ್ನು ಕಂಡು ಸರಿದು ಜಾಗ ಮಾಡಿದಳು.

ನಾನು ಕಿಟಕಿಯ ಹತ್ತಿರ ನಿಂತೇ ಇದ್ದೆ.

“ಅಮ್ಮ ಹೆಂಗದಾರ?” ಅಂದಳು.

“ಚಲೋ ಅದಾರ.”

ಒಳಗಿನಿಂದ ನನ್ನ ಕೇಸು ಕರೆದರು. ಫೈಲು ಎತ್ತಿಕೊಂಡು ಹೋದೆ.