ಭೂಮಿಯ ತಳ ಕೇಳುವ ಯಂತ್ರದ ಮೇಲೆ ನಮ್ಮ ಎಳ್ಳಮಾವಾಸ್ಯೆ ಊಟ

ಒಟ್ಟು ಖರ್ಚು ಇಷ್ಟು: ನನ್ನ ಹೊಲದಲ್ಲೊಂದು ಗುಂಡಿ, ಮೂರು ಚೀಲ ಸಿಮೆಂಟು, ಒಂದು ಸೋಲಾರ್ ಪ್ಲೇಟು, ಒಬ್ಬ ಹುಡುಗಿಯ ಎಂಟು ತಿಂಗಳು, ಮತ್ತು ನಮ್ಮ ವೈನಿ ಬಡಿದ ಅರವತ್ತು ಸಜ್ಜೆ ರೊಟ್ಟಿ.

ಹುಡುಗಿ ಬೀದರ್ ಸಿಟಿಯವಳು, ನಸ್ರೀನ್. ನಮ್ಮ ಕಾಲ ಕೆಳಗಿನ ಕಲ್ಲಿನ ಚಪ್ಪಡಿ ನೂರಾರು ಕಿಲೋಮೀಟರ್ ಆಳದಲ್ಲಿ ಎಲ್ಲಿ ಮುಗಿಯುತ್ತದೆ, ಯಾವ ಕಡೆ ವಾಲಿದೆ ಎಂದು ಹುಡುಕುವುದು ಅವಳ ಪಿಎಚ್‌ಡಿ. ಅಗೆದು ನೋಡಲಾಗದು, ಹಾಗಾಗಿ ದೂರದ ಭೂಕಂಪದ ಅಲೆ ಕೆಳಗಿನಿಂದ ಹಾದುಬರುವಾಗ ಹಿಡಿಯುತ್ತಾಳೆ.

ಅದಕ್ಕೆ ಮೂರು ಯಂತ್ರ. ಒಂದು ಬೀದರ್‌ನಲ್ಲಿ, ಒಂದು ಔರಾದದಲ್ಲಿ, ಮೂರನೆಯದು ಭಾತಂಬ್ರಾ ಹತ್ತಿರ ನನ್ನ ಹೊಲದ ಗುಂಡಿಯಲ್ಲಿ. ಒಂದೇ ಭೂಕಂಪವನ್ನು ಮೂರೂ ಕೇಳಬೇಕು. ಎರಡೇ ಕೇಳಿದರೆ ಚಪ್ಪಡಿ ಯಾವ ಕಡೆ ವಾಲಿದೆ ಎಂದು ಗೊತ್ತಾಗುವುದಿಲ್ಲವಂತೆ.

"ಅಣ್ಣಾರಿ, ಇಲ್ಲಿ ಮಂದಿ ತಿರುಗಾಡಬಾರದು ನೋಡ್ರಿ," ಅಂದಳು.

"ನಮ್ಮ ಮನಿಯವರೇ ವರ್ಷಕ್ಕೊಮ್ಮಿ ಬರ್ತಾರ್ರಿ ಮೇಡಂ. ಬೇಫಿಕರ್ ಇರ್ರಿ," ಅಂದೆ. ಭಾಲ್ಕಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿಯನ್ನು ಹಲ್ಲಿನಲ್ಲಿ ಕಡಿದೇ ತೇವ ಹೇಳುವ ವ್ಯಾಪಾರಿ ನಾನು. ನನ್ನ ಮಾತಿಗೆ ತೂಕ ಇದೆ.

ಆ ಒಂದು ದಿನ ಯಾವುದು ಅಂತ ಅವಳು ಕೇಳಲಿಲ್ಲ. ನನಗೂ ನೆನಪಾಗಲಿಲ್ಲ...

ಹೊಲದಲ್ಲೇ ಪಾಂಡವರ ಪೂಜೆ ಮಾಡಿ ಉಣ್ಣುವ ಎಳ್ಳಮಾವಾಸ್ಯೆಯಂದು ಹೋದರೆ ನಲವತ್ತು ಮಂದಿ. ಯಂತ್ರದ ಸಿಮೆಂಟು ಮುಚ್ಚಳದ ಮೇಲೆಯೇ ಜೋಳದ ದಂಟಿನ ಕೊಂಪೆ, ಒಳಗೆ ಸುಣ್ಣ ಬಳಿದ ಐದು ಕಲ್ಲಿನ ಪಾಂಡವರು. ಸೋಲಾರ್ ಪ್ಲೇಟಿನ ನೆರಳಲ್ಲಿ ಅಂಬಲಿಯ ಗಡಿಗೆ.

"ವೈನಿ, ಇದೇನ್ ಮಾಡೀರಿ?" ಅಂತ ಅಣ್ಣನ ಹೆಂಡತಿಯನ್ನು ಕೇಳಿದೆ.

"ಹೊಲದಾಗ ಇಷ್ಟು ಸಾಫ್ ಜಾಗಾ ಮತ್ತೆಲ್ಲಿ ಅದ? ಪಾಂಡವರ ಸಲುವಾಗೇ ನೀ ಕಟ್ಟಿಸೀ ಅನ್ಕೊಂಡೆ. ಹುಟ್ಟಿದಾಗಿಂದ ಮೈದುನ ಒಂದು ಛಲೋ ಕೆಲ್ಸಾ ಮಾಡ್ಯಾನ ಅಂತ ಎಲ್ಲಾರ್ಗೂ ಹೇಳೀನಿ."

ಜನ್ಮದಲ್ಲಿ ಮೊದಲ ಸಲ ಹೊಗಳಿದ್ದಾರೆ. ಎಬ್ಬಿಸುವುದು ಹೇಗೆ? ನಾನೂ ಅದೇ ಮುಚ್ಚಳದ ಅಂಚಿಗೆ ಕೂತು ಭಜ್ಜಿ ಉಂಡೆ. ನನ್ನ ತೂಕ ಸರಿಯಾಗಿ ಒಂದು ಕ್ವಿಂಟಲ್.

ಆ ಹೊತ್ತಿಗೇ ಜಪಾನಿನ ಆಚೆ ಸಮುದ್ರದಡಿ ದೊಡ್ಡ ಭೂಕಂಪ. ಬೀದರ್ ಕೇಳಿತು, ಔರಾದ ಕೇಳಿತು. ಭಾತಂಬ್ರಾ ಮಾತ್ರ ನಮ್ಮನ್ನು ಕೇಳಿತು.

ವಾರದ ಮೇಲೆ ನಸ್ರೀನ್ ಬಂದಳು. ಮುಖ ಇಳಿದಿತ್ತು.

"ಗುಂಡಿ ನೆಟ್ಟಗ ಕಟ್ಟಿಲ್ಲ ನೀ ಅಂತಾರ್ರಿ ನಮ್ಮ ಗೈಡ್ ಸರ್. ಯಂತ್ರ ವಾಪಸ್ ಕೊಡಂದಾರ. ಬರೀ ನಡದಾಡಿದ್ರ ಫಿಲ್ಟರ್ ಹಾಕಿ ತೆಗಿತಿದ್ದೆ ಅಣ್ಣಾರಿ. ಇಲ್ಲಿ ನೆಲಾನೇ ಬಾಗ್ಯದ. ಯಾರರೆ ಕೂತಿದ್ರೇನ್ರಿ?"

ನಾನು ಯಾರಿಗೂ ಏನೂ ಬರೆದುಕೊಡುವವನಲ್ಲ, ಅದರಿಂದಲೇ ಇಲ್ಲಿಯವರೆಗೆ ಬಂದಿದ್ದೇನೆ. ಸುಮ್ಮನಿದ್ದರೆ ನನಗೇನೂ ಹೋಗುವುದಿಲ್ಲ. ಹೋಗುವುದು ಅವಳ ಪಿಎಚ್‌ಡಿ ಮಾತ್ರ.

ಬರೆದೆ.

"ಗುಂಡಿ ಭದ್ರವಾಗಿದೆ. ಸದರಿ ಯಂತ್ರದ ಮೇಲೆ ನಾನು ಹನ್ನೆರಡೂವರೆಯಿಂದ ಮೂರರ ತನಕ ಕೂತು ಉಂಡಿದ್ದು ನಿಜ." ಕೆಳಗೆ ಸಹಿ, ಜೊತೆಗೆ ಆಧಾರ್ ಜೆರಾಕ್ಸ್. ಸಾಕ್ಷಿಗೆ ವೈನಿಯ ಹೆಬ್ಬೆಟ್ಟು.

ಗೈಡ್ ಸರ್ ಎರಡು ಸಲ ಓದಿ, ಯಂತ್ರ ಇನ್ನಾರು ತಿಂಗಳು ಇರಲಿ ಅಂದರಂತೆ.

ಒಟ್ಟು ಲಾಭ: ಪಾಂಡವರಿಗೆ ನೈವೇದ್ಯ, ನಸ್ರೀನ್‌ಗೆ ಆರು ತಿಂಗಳು, ಆಳದ ಚಪ್ಪಡಿಗೆ ಇನ್ನೂ ಬಯಲಾಗದ ತನ್ನ ಗುಟ್ಟು, ನನಗೆ ವಿಜ್ಞಾನದ ಫೈಲಿನಲ್ಲಿ ಆ ದಿನದ ಎದುರು ಒಂದು ಕಾಯಂ ಹೆಸರು... "ಅಡಚಣೆ".